ಮುಟ್ಟಿದ್ದನ್ನು ಮಾತ್ರ ಕೇಳುವ ಮೈಕು

ಇಲ್ಲಿ ಬರೆಯುವುದರಲ್ಲಿ ಕೆಲವು ವಿವರ ತಪ್ಪಿರಬಹುದು. ನಾನು ಹೇಳಹೊರಟಿರುವ ಮೈಕಿನವರ ಉದ್ದನೆಯ ಸ್ಕ್ರೂಡ್ರೈವರಿನ ಹಿಡಿ ಹಳದಿ ಬಣ್ಣದ್ದೆಂದು ನನಗೆ ಚೆನ್ನಾಗಿ ನೆನಪಿದೆ. ಆದರೆ ನನ್ನ ಡೈರಿಯಲ್ಲಿ, ನನ್ನದೇ ಅಕ್ಷರದಲ್ಲಿ, ‘ಕೆಂಪು ಹಿಡಿ’ ಎಂದಿದೆ. ಮಧುಗಿರಿಯ ಕಾಲೇಜೊಂದರಲ್ಲಿ ಇತಿಹಾಸ ಪಾಠ ಮಾಡುವವಳು ನಾನು. ಆಧಾರ ಎಲ್ಲಿ, ಬರೆದವರು ಯಾರು, ನಡೆದು ಎಷ್ಟು ದಿನಕ್ಕೆ ಬರೆದರು ಎಂದು ವಿದ್ಯಾರ್ಥಿಗಳ ಜೀವ ತಿನ್ನುತ್ತೇನೆ. ನನ್ನ ವಿಷಯಕ್ಕೆ ಬಂದಾಗ ಮಾತ್ರ ಡೈರಿಗಿಂತ ನೆನಪೇ ನಿಜವೆನ್ನಿಸುತ್ತದೆ. ಹಿಡಿ ಹಳದಿಯೇ ಇತ್ತು ಎಂದು ಈಗಲೂ ಹೇಳುತ್ತೇನೆ, ಪ್ರಮಾಣ ಮಾಡಲಾರೆ.

ಅವರ ಹೆಸರು ಮರೆತಿಲ್ಲ, ಬೇಕೆಂದೇ ಬರೆಯುತ್ತಿಲ್ಲ. “ಮೈಕಿನವನ ಹೆಸರು ಸ್ಟೇಜ್ ಮೇಲಿಂದ ಕರೆದ್ರು ಅಂದ್ರೆ ಏನೋ ಕೆಟ್ಟೋಗಿದೆ ಅಂತ ಅರ್ಥ ಮೇಡಂ” ಎನ್ನುತ್ತಿದ್ದರು. ಶಿರಾದವರು. ಸುತ್ತಲ ನಾಲ್ಕು ತಾಲ್ಲೂಕಿನ ಹಳ್ಳಿಗಳಲ್ಲಿ ಅವರನ್ನು ‘ಮೋಟ್ರು ಸಾಬ್ರು’ ಎಂದೇ ಕರೆಯುತ್ತಿದ್ದರು. ಹೋದ ಚಳಿಗಾಲದಲ್ಲಿ ತೀರಿಕೊಂಡರು. ಅವರ ಬಗ್ಗೆ ಯಾವ ಪೇಪರಿನಲ್ಲೂ ಬರಲಿಲ್ಲ. ಬರಬೇಕಿತ್ತು ಎಂಬ ಹಠಕ್ಕೆ ಇದನ್ನು ಬರೆಯುತ್ತಿದ್ದೇನೆ ಎಂದರೆ ತಪ್ಪಾಗಲಾರದು.

ಮೊದಲು ನೋಡಿದ್ದು ನಮ್ಮ ಕಾಲೇಜಿನ ವಾರ್ಷಿಕೋತ್ಸವದ ಬೆಳಿಗ್ಗೆ. ಒಬ್ಬ ಹುಡುಗಿ ವೀಣೆ ನುಡಿಸುವವಳಿದ್ದಳು. ಮೈಕನ್ನು ವೀಣೆಯ ಹತ್ತಿರ ತಂದರೆ ಸ್ಪೀಕರು ಕುಂಯ್ ಎಂದು ಕಿರುಚುತ್ತಿತ್ತು, ದೂರ ಇಟ್ಟರೆ ವೀಣೆ ಬಿಟ್ಟು ಫ್ಯಾನಿನ ಸದ್ದು, ಹೊರಗೆ ನಿಂತ ಬಸ್ಸಿನ ಸದ್ದು ಎಲ್ಲವೂ ಕೇಳುತ್ತಿತ್ತು. ಆಗ ಆ ಮನುಷ್ಯ ವೇದಿಕೆ ಹತ್ತಿ, ಮಂಡಿಯೂರಿ ಕೂತು, ಒಂದು ಮೊಳ ಉದ್ದದ ಸ್ಕ್ರೂಡ್ರೈವರ್ ತೆಗೆದರು. ಅದರ ಹಿಡಿಯನ್ನು ಕಿವಿಗೆ ಒತ್ತಿಕೊಂಡು, ತುದಿಯನ್ನು ವೀಣೆಯ ಮೈಗೆ ತಾಗಿಸಿದರು. ನಮ್ಮ ಪ್ರಿನ್ಸಿಪಾಲರು ಕುರ್ಚಿಯಿಂದ ಎದ್ದರು.

“ಏನ್ರೀ ಅದು? ವೀಣೆಗೆ ಸ್ಕ್ರೂ ಹೊಡೀತೀರಾ?”

“ಇಲ್ಲ ಸಾರ್. ಡಾಕ್ಟ್ರು ಎದೆ ನೋಡಲ್ವಾ, ಹಂಗೆ. ಅಮ್ಮಾ, ಒಂದು ತಂತಿ ಮೀಟು.”

ಹುಡುಗಿ ಮೀಟಿದಳು. ಅವರು ತುದಿಯನ್ನು ಅಂಗುಲ ಅಂಗುಲವಾಗಿ ಸರಿಸುತ್ತಾ, ಕಣ್ಣು ಮುಚ್ಚಿಕೊಂಡು ಕೇಳಿದರು. ಒಂದು ಕಡೆ ನಿಂತರು. “ಬಸ್, ಇಲ್ಲಿ ಮಾತಾಡ್ತೈತೆ” ಎಂದು, ಜೇಬಿನಿಂದ ರೂಪಾಯಿ ನಾಣ್ಯದಷ್ಟಿದ್ದ ಹಿತ್ತಾಳೆಯ ತೆಳು ಬಿಲ್ಲೆಯೊಂದನ್ನು ತೆಗೆದು ಅಲ್ಲಿ ಅಂಟಿಸಿದರು. ಬಿಲ್ಲೆಯ ಬೆನ್ನಿಗೆ ಕೂದಲಿನಂಥ ಎರಡು ವೈರು. ವೈರು ಹೋಗಿ ನಶ್ಯದ ಡಬ್ಬಿಯೊಂದನ್ನು ಸೇರುತ್ತಿತ್ತು. ಅದರೊಳಗೆ ಅವರೇ ಕಟ್ಟಿದ ಪುಟ್ಟ ಸರ್ಕ್ಯೂಟು. ಸ್ಪೀಕರಿನಲ್ಲಿ ವೀಣೆ ಬಂತು. ಫ್ಯಾನಿಲ್ಲ, ಬಸ್ಸಿಲ್ಲ, ವೀಣೆ ಮಾತ್ರ.

ಆ ಹಿತ್ತಾಳೆ ಬಿಲ್ಲೆ ಯಾವ ಅಪರೂಪದ ವಸ್ತುವೂ ಅಲ್ಲ. ಅಲಾರಂ ಗಡಿಯಾರದಲ್ಲಿ, ಹಾಡುವ ಗ್ರೀಟಿಂಗ್ ಕಾರ್ಡಿನಲ್ಲಿ ಕೀಂಯ್ ಎನ್ನುವುದು ಅದೇ. ಕರೆಂಟು ಕೊಟ್ಟರೆ ಅದು ಅದುರಿ ಸದ್ದು ಮಾಡುತ್ತದೆ. ಅದನ್ನೇ ಅದುರಿಸಿದರೆ ತಿರುಗಿ ಕರೆಂಟು ಕೊಡುತ್ತದೆ. ವಾದ್ಯದ ಮೈಗೆ ಅಂಟಿಸಿದರೆ ಮೈಕಾಗುತ್ತದೆ. ಇದನ್ನು ಅವರು ನನಗೆ ಒಂದೇ ಮಾತಿನಲ್ಲಿ ಹೇಳಿದ್ದರು: “ಕೈಯಲ್ಲಿ ಹಿಡಿಯೋ ಮೈಕು ಗಾಳಿ ಮಾತು ಕೇಳತ್ತೆ, ಊರಲ್ಲಿ ಯಾರು ಏನಂದ್ರೂ ಕೇಳತ್ತೆ. ಇದು ಹಂಗಲ್ಲ. ಯಾರು ಮುಟ್ಟಿದಾರೋ ಅವ್ರ ಮಾತು ಮಾತ್ರ ಕೇಳತ್ತೆ.” ಈ ವಾಕ್ಯ ಡೈರಿಯಲ್ಲಿದೆ. ನಾನು ಸ್ವಲ್ಪ ತಿದ್ದಿ ಬರೆದುಕೊಂಡಿರಬಹುದು ಎಂಬ ಅನುಮಾನವೂ ಇದೆ. ಆದರೆ ಅರ್ಥ ಅವರದೇ.

ಸ್ಕ್ರೂಡ್ರೈವರ್ ವಿದ್ಯೆ ಬಂದದ್ದು ಬೋರ್‌ವೆಲ್ ಮೋಟರುಗಳಿಂದ. ಹದಿನೆಂಟನೇ ವಯಸ್ಸಿನಿಂದ ಅವರು ಪಂಪ್‌ಸೆಟ್ ಮೆಕ್ಯಾನಿಕ್. ಮೋಟರಿನ ಬೇರಿಂಗ್ ಸವೆದಿದೆಯೋ ಇಲ್ಲವೋ ಎಂದು ಬಿಚ್ಚದೆ ತಿಳಿಯುವ ದಾರಿ ಅದೊಂದೇ: ತುದಿ ಮೋಟರಿಗೆ, ಹಿಡಿ ಕಿವಿಗೆ. ಪಾವಗಡದ ಕಡೆ ಅವರ ಕೆಲಸ ಜಾಸ್ತಿ ಇತ್ತು. ಆಮೇಲೆ ಕ್ಯಾತಗಾನಚೆರ್ಲು ಸುತ್ತಮುತ್ತ ಹೊಲಗಳೆಲ್ಲ ಸೋಲಾರಿಗೆ ಗುತ್ತಿಗೆ ಹೋಗಿ, ಕಣ್ಣು ಹಾಯಿಸಿದಷ್ಟು ದೂರಕ್ಕೂ ನೀಲಿ ಹಲಗೆಗಳು ನಿಂತವು. “ಅಲ್ಲಿ ಜನ ಬಿಸಿಲನ್ನೇ ಬೆಳೆಯೋಕೆ ಶುರು ಮಾಡಿದ್ರು. ಬಿಸಿಲಿಗೆ ಮೋಟ್ರು ಬೇಕಾಗಲ್ಲ” ಎಂದು ನಗುತ್ತಿದ್ದರು. ಭಾವಮೈದುನನ ಮೈಕ್‌ಸೆಟ್ ಅಂಗಡಿಯಲ್ಲಿ ಕೂತರು. ಇಪ್ಪತ್ತು ವರ್ಷ ಮೋಟರಿನ ಎದೆ ಬಡಿತ ಕೇಳಿದವರಿಗೆ ತಂಬೂರಿಯದು ಕೇಳುವುದೇನು ಕಷ್ಟ? ಸ್ಕ್ರೂಡ್ರೈವರಿನ ತುದಿಯನ್ನು ಮಾತ್ರ ಕಲ್ಲಿಗೆ ಉಜ್ಜಿ ಉಜ್ಜಿ ದುಂಡಗೆ ಮಾಡಿಕೊಂಡರು, ಮರಕ್ಕೆ ಗೀರು ಬೀಳಬಾರದೆಂದು. ಆಮೇಲೆ ಅದರಿಂದ ಒಂದು ಸ್ಕ್ರೂವನ್ನೂ ತಿರುಗಿಸಲು ಬರುತ್ತಿರಲಿಲ್ಲ.

ಅಂಟು ಅವರ ಇನ್ನೊಂದು ಹಠ. ಹುಣಸೆಬೀಜ ಹುರಿದು, ಸಿಪ್ಪೆ ತೆಗೆದು, ಪುಡಿ ಮಾಡಿ ಕುದಿಸಿದ ಸರಿ, ಗಂಜಿಯಂಥದ್ದು. ಅವರ ಮನೆಯಾಕೆ ಮಾಡಿಕೊಡುತ್ತಿದ್ದರು. ಮೊದಲು ಮರಕ್ಕೆ ತೆಳು ಕಾಗದ, ಅದರ ಮೇಲೆ ಸರಿ, ಅದರ ಮೇಲೆ ಬಿಲ್ಲೆ. ಮೂರು ತಿಂಗಳಿಗೆ ಒಣಗಿ ಬಿಡುತ್ತದೆ, ಮತ್ತೆ ಹಚ್ಚಬೇಕು. ಅಂಗಡಿಯಲ್ಲಿ ಸಿಗುವ ಗಟ್ಟಿ ಗಮ್ ಹಚ್ಚಿದರೆ ಕೆಲಸ ಒಂದೇ ಸಲಕ್ಕೆ ಮುಗಿಯುತ್ತದಲ್ಲ ಎಂದು ನಾನೇ ಕೇಳಿದ್ದೆ.

“ಒದ್ದೆ ಬಟ್ಟೆಲಿ ಒರೆಸಿದ್ರೆ ಹೋಗ್ಬೇಕು ಮೇಡಂ. ವಾದ್ಯ ನಂದಲ್ಲ.”

ಅವರು ಕೋಪಿಸಿಕೊಂಡದ್ದನ್ನು ನಾನು ಒಂದೇ ಸಲ ನೋಡಿದ್ದು. ಪಾವಗಡದ ಆರ್ಕೆಸ್ಟ್ರಾದವನೊಬ್ಬ ತನ್ನ ತಾತನ ಮ್ಯಾಂಡೊಲಿನ್‌ಗೆ ಬಿಲ್ಲೆಯನ್ನು ಗಟ್ಟಿ ಗಮ್ಮಿನಲ್ಲಿ ಅಂಟಿಸಿ, ಕೀಳುವಾಗ ಮರದ ಚೆಕ್ಕೆಯನ್ನೂ ಎಬ್ಬಿಸಿಬಿಟ್ಟಿದ್ದ. ಅದನ್ನು ಅಂಗಡಿಗೆ ತಂದು ತೋರಿಸಿ, ಮೇಲೆ ಬಣ್ಣ ಹೊಡೆದರೆ ಆಗಿಹೋಗುತ್ತದೆ ಎಂದು ಅರ್ಧ ತೆಲುಗಿನಲ್ಲಿ ಹಲ್ಲು ಕಿರಿದ. “ಪರ್ವಾಲೇದು ಬುಡಣ್ಣಾ, ಮೀದ ಪೇಂಟು ಹೊಡ್ದ್ರೆ ಅಯಿಪೋತುಂದಿ.”

“ಏನು ಆಗೋಗತ್ತೆ? ನಿನ್ನ ಬೆನ್ನಿನ ಚರ್ಮ ಸುಲಿದು ಪೌಡ್ರು ಹಾಕ್ಲಾ, ಆಗೋಗತ್ತಾ?” ಎಂದು ಎದ್ದು ನಿಂತರು. ಆ ಚೆಕ್ಕೆ ಎಲ್ಲಿ ಎಂದು ಕೇಳಿದರು. ಅವನು ಬಿಸಾಕಿದ್ದ. ಅವನ ಕೈಗೆ ತಮ್ಮ ಬೈಕಿನ ಕೀ ಕೊಟ್ಟು, ಹೋಗಿ ಹುಡುಕಿ ತರುವವರೆಗೂ ಮಾತಾಡುವುದಿಲ್ಲ ಎಂದು ಕೂತರು. ಅವನು ಹೋಗಿ ತಂದ. ಅದನ್ನು ಅದೇ ಜಾಗಕ್ಕೆ, ಗೆರೆಗೆ ಗೆರೆ ಕೂಡಿಸಿ ಅಂಟಿಸಿಕೊಟ್ಟರು. ಅಷ್ಟು ಹೊತ್ತು ನಾನು ಅಲ್ಲೇಕೆ ಕೂತಿದ್ದೆ ಎಂಬುದು ನೆನಪಿಲ್ಲ. ಆ ದಿನದ ಡೈರಿಯಲ್ಲಿ ಹಲ್ಲುನೋವಿನ ವಿಷಯ ಮಾತ್ರ ಇದೆ.

ಈಗ ನನ್ನ ಸೋದರತ್ತೆಯ ವಿಷಯಕ್ಕೆ ಬರಬೇಕು. ನನಗೆ ಅವರು ಮುಖ್ಯರಾದದ್ದು ಆಕೆಯಿಂದಲೇ.

ಅತ್ತೆ ತೋವಿನಕೆರೆಯವಳು, ನಮ್ಮಪ್ಪನ ಅಕ್ಕ. ಓದು ನಾಲ್ಕನೇ ಕ್ಲಾಸು. ಬಾಯಲ್ಲಿ ಇನ್ನೂರಕ್ಕೂ ಹೆಚ್ಚು ತತ್ವಪದಗಳಿವೆ ಎಂದು ಊರಿನವರು ಹೇಳುತ್ತಾರೆ, ನಾನು ಎಣಿಸಿಲ್ಲ. ತಂಬೂರಿಯನ್ನು ಭುಜಕ್ಕೆ ಒರಗಿಸಿ, ಒಂದು ಕೈಯಲ್ಲಿ ತಂತಿ, ಇನ್ನೊಂದು ಕೈಯಲ್ಲಿ ತಾಳದ ಚಿಟಿಕೆ ಹಿಡಿದು ಅವಳು ಒಂದು ಸಾಲು ಎತ್ತಿಕೊಟ್ಟರೆ ಹಿಂದೆ ಕೂತ ಏಳೆಂಟು ಜನ ಅದನ್ನು ತಿರುಗಿ ಹಾಡುತ್ತಾರೆ. ಎತ್ತಿಕೊಡುವವರ ಜಾಗ ಮುಂದೆ, ನಟ್ಟನಡುವೆ. ನಮ್ಮ ಜನಕ್ಕೆ ಅದು ಸಣ್ಣ ಜಾಗವಲ್ಲ. ನಮ್ಮ ಮನೆತನದಲ್ಲಿ ಆ ಜಾಗದಲ್ಲಿ ಕೂತ ಮೊದಲ ಹೆಂಗಸು ಅವಳು. ಊರಿನ ನಮ್ಮ ಮನೆಗಳು ಬುದ್ಧನ ಕಡೆಗೆ ತಿರುಗಿದ ಮೇಲೆ ಹಳೇ ಪದಗಳಲ್ಲಿ ಯಾವುದನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಬಿಡಬೇಕು ಎಂಬ ತಕರಾರು ಬಂದಾಗ, ಆರಿಸಿ ಕೊಟ್ಟವಳೂ ಅವಳೇ.

ಐದು ವರ್ಷದ ಹಿಂದೆ ಅವಳ ಗಂಟಲಿನ ಗಡ್ಡೆ ತೆಗೆಸಬೇಕಾಯಿತು. ದನಿ ಕುಂದಬಹುದು ಎಂದು ಡಾಕ್ಟರು ಮೊದಲೇ ಹೇಳಿದ್ದರು, ಹಾಗೇ ಆಯಿತು. ಜೀವಕ್ಕೇನೂ ತೊಂದರೆಯಾಗಲಿಲ್ಲ. ಆದರೆ ಕಣಿವೆಯಾಚೆಗೆ ಕೇಳುತ್ತಿದ್ದ ದನಿ ಹಿಟ್ಟು ಜರಡಿ ಹಿಡಿದ ಸದ್ದಿನಷ್ಟಾಯಿತು. ಪಕ್ಕದಲ್ಲಿ ಕೂತವರಿಗೆ ಕೇಳುತ್ತದೆ, ಎದುರಿಗೆ ಕೂತವರಿಗೆ ಇಲ್ಲ. ಅದೇ ವರ್ಷ ಬುದ್ಧ ಪೂರ್ಣಿಮೆಗೆ ಪಾವಗಡದಲ್ಲಿ ಬೆಳಗಿನ ಕಾರ್ಯಕ್ರಮಕ್ಕೆ ಕರೆ ಬಂದಿತ್ತು. ತಾಳ ಹಾಕುವ ನಮ್ಮ ಚಿಕ್ಕಪ್ಪ ಒಂದು ಉಪಾಯ ಹೂಡಿದ: ಅತ್ತೆಯ ಹಳೇ ಹಾಡುಗಳು ಫೋನಿನಲ್ಲಿ ರೆಕಾರ್ಡ್ ಆಗಿವೆ, ಅವನ್ನು ಪೆನ್‌ಡ್ರೈವಿಗೆ ಹಾಕಿಸಿ ಸ್ಪೀಕರಿನಲ್ಲಿ ಬಿಡುವುದು, ಅತ್ತೆ ತಂಬೂರಿ ಹಿಡಿದು ಬಾಯಿ ಆಡಿಸುವುದು.

“ನಾನೇನು ತೊಗಲುಗೊಂಬೆನೇನ್ಲಾ?” ಎಂದಳು ಅತ್ತೆ, ಆ ಪಿಸುದನಿಯಲ್ಲೇ. “ಹಿಂದ್ಗಡೆಯಿಂದ ನೀನು ಕಡ್ಡಿ ಆಡ್ಸು, ನಾನು ಕುಣಿತೀನಿ.”

“ನಿನ್ ದನೀನೇ ಕಣಕ್ಕಾ ಅದು! ಯಾರ್ದೋ ದನಿ ಹಾಕ್ತಾವ್ನಾ ನಾನು?”

“ಹೋದ್ ವರ್ಷುದ್ ದನಿ ಅದು. ಹೋದ್ ವರ್ಷುದ್ ಮುದ್ದೆ ಇವತ್ತು ಉಣ್ತೀಯೇನ್ಲಾ?”

“ಅಂಗಾರೆ ಜಾಗ ಬುಡು. ಬ್ಯಾರೆಯೋರು ಎತ್ತಿಕೊಡ್ಲಿ.”

ಜಾಗ ಬಿಡಬೇಕು, ಇಲ್ಲವೇ ಗೊಂಬೆಯಾಗಬೇಕು. ಎರಡರಲ್ಲಿ ಒಂದು ಎಂದು ಎಲ್ಲರಿಗೂ ಗೊತ್ತಿತ್ತು, ಅವಳಿಗೂ. ನಾನಾದರೂ ಏನು ಮಾಡಿದೆ? ಪೆನ್‌ಡ್ರೈವ್ ಹಾಕಲು ಒಬ್ಬ ನಂಬಿಕಸ್ಥ ಮೈಕಿನವರು ಬೇಕು ಎಂದು ಚಿಕ್ಕಪ್ಪ ಕೇಳಿದಾಗ ಮೋಟ್ರು ಸಾಬರ ನಂಬರು ಕೊಟ್ಟೆ. ಅತ್ತೆಯ ಪರವಾಗಿ ಕೊಟ್ಟೆ ಎಂದು ಈಗ ಹೇಳಿಕೊಳ್ಳಬಹುದು. ಆ ದಿನ ನನಗೂ ಪೆನ್‌ಡ್ರೈವೇ ಮರ್ಯಾದೆಯ ದಾರಿ ಎನ್ನಿಸಿತ್ತು.

ಅವರು ಶಿರಾದಿಂದ ಬೈಕಿನಲ್ಲಿ ಬಂದರು. ಚಿಕ್ಕಪ್ಪನ ವಿವರಣೆಯನ್ನೆಲ್ಲ ಕೇಳಿ, ಅತ್ತೆಯ ಮುಖ ನೋಡಿದರು. ಅತ್ತೆ ಗೋಡೆ ನೋಡುತ್ತಿದ್ದಳು.

“ಪೆನ್‌ಡ್ರೈವ್ ಚುಚ್ಚೋಕೆ ಶಿರಾದಿಂದ ನಾನ್ಯಾಕೆ ಬರ್ಬೇಕು? ಯಾರಾದ್ರೂ ಚುಚ್ತಾರೆ. ಆಪಾ, ಜರಾ ಒಂದು ಸಾಲು ಹಾಡಿ.”

ಅಕ್ಕ ಎನ್ನುವುದಕ್ಕೆ ಅವರ ಮಾತಿನಲ್ಲಿ ಆಪಾ. ಅತ್ತೆ ಹಾಡಲಿಲ್ಲ. ಅವರು ಕೂತರು. ಟೀ ಬಂತು, ಕುಡಿದರು. ಇನ್ನೊಂದು ಲೋಟ ಬಂತು, ಅದನ್ನೂ ಕುಡಿದರು. ಕೊನೆಗೆ ಅತ್ತೆಗೇ ಮುಜುಗರವಾಗಿ, “ಏನ್ ಸಾಬ್ರೆ, ಇಲ್ಲೇ ಮನೆ ಮಾಡ್ತೀರಾ?” ಎಂದಳು.

“ಹಾಡೋವರ್ಗೂ.”

ಅತ್ತೆಗೆ ನಗು ಬಂತು. ತಂಬೂರಿ ತೆಗೆದುಕೊಂಡಳು.

ಆ ದಿನದ ಮೊದಲ ಪ್ರಯತ್ನ ನಗೆಪಾಟಲಾಯಿತು. ಅವರು ತಂಬೂರಿಯ ಬುರುಡೆಯ ಮೇಲೆ, ತಂತಿಗಳನ್ನು ಹೊರುವ ಕುದುರೆಯ ಪಕ್ಕ, ಬಿಲ್ಲೆ ಅಂಟಿಸಿ ಸ್ಪೀಕರಿಗೆ ಕೊಟ್ಟರು. ತಂತಿಯ ಸದ್ದು ಗುಡುಗಿನಂತೆ ಬಂತು. ಅತ್ತೆಯ ಗಾಜಿನ ಬಳೆ ಮರಕ್ಕೆ ತಾಗಿದ್ದು ಪಾತ್ರೆ ಅಂಗಡಿ ಉರುಳಿದ ಹಾಗೆ ಕೇಳಿತು. ಅದೆಲ್ಲದರ ಕೆಳಗೆ ಘರ್ರೆಂದು ಏನೋ ಒಂದು. ಯಾರಿಗೂ ಏನೆಂದು ತಿಳಿಯಲಿಲ್ಲ. ಅವರು ವೈರು ಬದಲಿಸಿದರು, ಡಬ್ಬಿ ಬದಲಿಸಿದರು, ಘರ್ರೆನ್ನುವುದು ಹೋಗಲಿಲ್ಲ. ಕೊನೆಗೆ ಚಿಕ್ಕಪ್ಪನೇ ಕಂಡುಹಿಡಿದ. ಪಕ್ಕದ ಮನೆಯಲ್ಲಿ ರಾಗಿ ಮಿಲ್ಲು ಓಡುತ್ತಿತ್ತು. ಅದರ ನಡುಕ ನೆಲಕ್ಕಿಳಿದು, ಅತ್ತೆ ಕೂತ ಕಲ್ಲುಚಪ್ಪಡಿಗೆ ಬಂದು, ಅಲ್ಲಿಂದ ತಂಬೂರಿಯ ಬುರುಡೆಗೆ ಹತ್ತಿ, ಸ್ಪೀಕರಿನಲ್ಲಿ ಹಾಡುತ್ತಿತ್ತು.

“ಅಕ್ಕನ್ ದನಿ ಬರ್ಲಿಲ್ಲ, ರಾಗಿ ಮಿಲ್ ದನಿ ಬಂತು!” ಎಂದು ಚಿಕ್ಕಪ್ಪ ಹೊಟ್ಟೆ ಹಿಡಿದುಕೊಂಡ. “ಸಾಬ್ರೆ, ಪಾವಗಡಕ್ಕೆ ಮಿಲ್ನೇ ಕರ್ಕಂಡ್ ಹೋಗಾನ ಬುಡಿ. ಶಾಲು ಹೊದ್ಸಾನ.”

ಬೇರೆಯವರಾಗಿದ್ದರೆ ಮುಖ ಕೆಡುತ್ತಿತ್ತು. ಇವರ ಮುಖ ಅರಳಿತು. “ಅರೆ, ನೆಲ ಕೇಳತ್ತೆ ಅಂದ್ರೆ ಮೂಳೆ ಯಾಕೆ ಕೇಳಬಾರ್ದು?” ಎಂದರು. ಈ ಮಾತು ನನ್ನ ಕಿವಿಯಲ್ಲೇ ಬಿದ್ದದ್ದು, ಇದರಲ್ಲಿ ನನಗೆ ಯಾವ ಅನುಮಾನವೂ ಇಲ್ಲ.

ಗೋಣಿಚೀಲ ಮಡಿಸಿ ತಂಬೂರಿಯ ಕೆಳಗೆ ಹಾಕಿದರು. ಮಿಲ್ಲು ಸುಮ್ಮನಾಯಿತು. ಬಳೆ ಮೇಲಕ್ಕೆ ಏರಿಸಿಕೊಳ್ಳಲು ಹೇಳಿ, ಮೊಣಕೈವರೆಗೂ ಬಟ್ಟೆ ಸುತ್ತಿಸಿದರು. ಆಮೇಲೆ ಅತ್ತೆ ತಂಬೂರಿಯ ದಂಡಿಯನ್ನು ಭುಜಕ್ಕಿಟ್ಟುಕೊಂಡು ಹಾಡುವಾಗ, ಆ ದಂಡಿ ಅವಳ ಕಿವಿಯ ಹಿಂದಿನ ಎಲುಬಿಗೆ, ಕೆನ್ನೆಗೆ ಒತ್ತಿಕೊಂಡಿರುವುದನ್ನು, ಗಂಟಲಿನ ನಡುಕ ಎಲುಬಿನ ದಾರಿಯಲ್ಲಿ ಮರಕ್ಕಿಳಿಯುವುದನ್ನು ತೋರಿಸಿದರು. ಸ್ಕ್ರೂಡ್ರೈವರ್ ಹಿಡಿದು ದಂಡಿಯ ಮೇಲಿಂದ ಕೆಳಕ್ಕೆ ಕೇಳುತ್ತಾ ಬಂದರು. ಅತ್ತೆ ಗುನುಗುತ್ತಿದ್ದಳು. ಸೆಖೆಯಲ್ಲಿ ಇಬ್ಬರೂ ಬೆವರುತ್ತಿದ್ದರು. ಆವತ್ತು ಎಷ್ಟು ಹೊತ್ತಾಯಿತೋ ಗೊತ್ತಿಲ್ಲ. ಚಿಕ್ಕಪ್ಪ ಎರಡು ಸಲ ಎಲೆಅಡಿಕೆ ಹಾಕಿಕೊಂಡದ್ದು ನೆನಪಿದೆ. ದಂಡಿ ಬುರುಡೆಯನ್ನು ಸೇರುವ ಕುತ್ತಿಗೆಯ ಹಿಂಬದಿಯಲ್ಲಿ ಅವರ ಕೈ ನಿಂತಿತು.

“ಆಪಾ, ಗದ್ದ ಇನ್ನೊಂಚೂರು ಊರಿ. ಹ್ಞಾಂ. ಹಾಡಿ.”

ತಂತಿಯ ಸದ್ದು ಹಿಂದೆ ಸರಿದು, ಅದರ ನಡುವೆ ಅತ್ತೆಯ ದನಿ ಬಂತು. ಮೊದಲಿನ ದನಿಯಲ್ಲ. ಬಾವಿಯೊಳಗಿಂದ ಯಾರೋ ಕರೆದ ಹಾಗೆ, ಮಾತಿನ ಅಂಚುಗಳು ಸವೆದು, ರಾಗ ಮಾತ್ರ ಗಟ್ಟಿಯಾಗಿ. ಆದರೆ ಅವಳದೇ, ಆ ದಿನದ್ದೇ. ಅಷ್ಟರಲ್ಲಿ ಬಂದು ಹಿಂದೆ ಕೂತಿದ್ದ ಮೇಳದವರು ಸಾಲನ್ನು ತಿರುಗಿ ಹಾಡಿದಾಗ ಪದ ಪದವೂ ಸ್ಪಷ್ಟವಾಯಿತು. ಎತ್ತಿಕೊಡುವವಳ ಕೆಲಸ ಎತ್ತಿಕೊಡುವುದು ತಾನೆ; ಊರಿಗೆ ತಲುಪಿಸುವುದು ಹಿಂದಿನವರದು. ಮೇಳ ಅಂದರೆ ಅದೇ ಎಂದು ನನಗೆ ಆಗ ಹೊಳೆಯಿತು. ತಾಳ ಹಿಡಿದ ಚಿಕ್ಕಪ್ಪ ತಲೆ ತಗ್ಗಿಸಿಕೊಂಡು ಹಾಡುತ್ತಿದ್ದ. ಹಾಡು ಮುಗಿದ ಮೇಲೆ, “ಥೂ, ಪೆನ್‌ಡ್ರೈವ್ಗೆ ದುಡ್ ಕೊಟ್ಬುಟ್ಟಿದ್ನಲ್ಲಾ” ಎಂದಷ್ಟೇ ಗೊಣಗಿದ.

ಪಾವಗಡದ ಬೆಳಗು ಹೇಳಲೇಬೇಕು. ಕೋಟೆಬೆಟ್ಟದ ಬಂಡೆ ಒಂಬತ್ತು ಗಂಟೆಗೇ ಕಾದಿತ್ತು. ಶಾಮಿಯಾನದ ಕೆಳಗೆ ಕನ್ನಡ ಅರ್ಧ ತೆಲುಗು ಅರ್ಧ ಮಾತಾಡುವ ಜನ. ಅಲ್ಲಿ ದೊಡ್ಡ ಸೌಂಡ್ ಸಿಸ್ಟಮ್ಮಿನವರು ಬೇರೆ ಇದ್ದರು. ಕಪ್ಪು ಟೀಶರ್ಟಿನ ಆಪರೇಟರು ನಶ್ಯದ ಡಬ್ಬಿಯನ್ನು ಎರಡು ಬೆರಳಲ್ಲಿ ಎತ್ತಿ ನೋಡಿ, “ಇದೇನು ಸಾರ್, ಸೀನು ಬರಲ್ವಾ ಮಿಕ್ಸರ್‌ಗೆ?” ಎಂದ. ಇವರು, “ಬಂದ್ರೆ ಒರೆಸ್ಕೊಡ್ತೀನಿ, ನೀನು ಒಂದು ಚಾನಲ್ ಬಿಡು ರಾಜಾ” ಎಂದರು. ಅವನು ಬಿಟ್ಟ.

ಅತ್ತೆ ಮುಂದೆ, ನಟ್ಟನಡುವೆ ಕೂತಳು. ತಂಬೂರಿಯ ಕೆಳಗೆ ಮಡಿಸಿದ ಗೋಣಿಚೀಲ. ಅವಳ ಎದುರಿಗೆ ಒಂದೂ ಮೈಕಿರಲಿಲ್ಲ. ಅದನ್ನು ನೋಡಿ ನಿರೂಪಕರು ಓಡಿಬಂದು ಸ್ಟ್ಯಾಂಡ್ ಇಡಲು ಹೋದರು. ಅತ್ತೆ ತಲೆಯಾಡಿಸಿ ಬೇಡವೆಂದಳು. ಎದುರಿಗೆ ಕೂತಿದ್ದ ಒಬ್ಬ ಅಜ್ಜಿ ನನ್ನನ್ನು ಮೊಣಕೈಯಲ್ಲಿ ತಿವಿದು, “ಮೈಕ್ ಲೇದೇ ತಲ್ಲೀ, ಎಟ್ಲಾ ಪಾಡ್ತುಂದಿ?” ಎಂದಳು, ಮೈಕಿಲ್ಲದೆ ಹೇಗೆ ಹಾಡುತ್ತಾಳೆ ಎಂದು. ನಾನು ತಂಬೂರಿಯ ಕಡೆ ಬೆರಳು ತೋರಿಸಿದೆ.

ಅತ್ತೆ ಗದ್ದ ಊರಿ ಎತ್ತಿಕೊಟ್ಟಳು. ದನಿ ಶಾಮಿಯಾನ ತುಂಬಿತು. ತುಂಬಿತು ಎಂದು ಬರೆಯುವಾಗ ನನ್ನ ಕೈ ಸ್ವಲ್ಪ ತಡೆಯುತ್ತದೆ, ಹೆಮ್ಮೆಯ ಕಿವಿಗೆ ಎಲ್ಲವೂ ದೊಡ್ಡದಾಗಿಯೇ ಕೇಳುತ್ತದೆ. ಆದರೆ ನನ್ನ ಬಳಿ ಒಂದು ಸಾಕ್ಷಿ ಇದೆ: ಆ ಅಜ್ಜಿ ನನ್ನನ್ನು ಮತ್ತೆ ತಿವಿಯಲಿಲ್ಲ. ಎರಡನೇ ಪದಕ್ಕೆ ಅವಳು ತಾನೇ ಚಪ್ಪಾಳೆಯಲ್ಲಿ ತಾಳ ಹಿಡಿದಿದ್ದಳು. ನಾಲ್ಕು ಪದ ಹಾಡಿದರು. ಅತ್ತೆ ಅಷ್ಟೂ ಹೊತ್ತು ಬೆನ್ನು ನೆಟ್ಟಗೆ ಮಾಡಿಕೊಂಡು ಕೂತಿದ್ದಳು, ಗಡ್ಡೆ ತೆಗೆಸುವ ಮೊದಲು ಹೇಗೆ ಕೂರುತ್ತಿದ್ದಳೋ ಹಾಗೆ.

ಮೋಟ್ರು ಸಾಬ್ರು ಎಲ್ಲಿದ್ದರು? ವೇದಿಕೆಯ ಹತ್ತಿರ ಇರಲಿಲ್ಲ, ಮಿಕ್ಸರಿನ ಹತ್ತಿರವೂ ಇರಲಿಲ್ಲ. ಹುಡುಕಿದರೆ ಕೊನೆಯ ಕುರ್ಚಿಗಳ ಆಚೆ, ಬಿಸಿಲಿನಲ್ಲಿ, ಟೀ ಗಾಡಿಯ ಪಕ್ಕ ನಿಂತಿದ್ದರು. ಅಲ್ಲಿಗೆ ಕೇಳಿದರೆ ಎಲ್ಲರಿಗೂ ಕೇಳಿದಂತೆ ಎಂಬುದು ಅವರ ಲೆಕ್ಕ. ಕೈಯನ್ನು ಒಂದು ಗೇಣು ಮೇಲೆ ಎತ್ತಿದರೆ ಆಪರೇಟರು ಏರಿಸುತ್ತಿದ್ದ, ಇಳಿಸಿದರೆ ಇಳಿಸುತ್ತಿದ್ದ. ಕಪ್ಪು ಟೀಶರ್ಟಿನವನ ಕಣ್ಣು ಆ ಕೈಯ ಮೇಲೇ ಇತ್ತು. ಕೊನೆಯಲ್ಲಿ ವಂದನಾರ್ಪಣೆ ಮಾಡಿದವರು ಶಾಮಿಯಾನದವರಿಗೆ, ಅಡುಗೆಯವರಿಗೆ, ನೀರು ಕೊಟ್ಟವರಿಗೆ ಕೃತಜ್ಞತೆ ಹೇಳಿದರು. ಇವರ ಹೆಸರು ಬರಲಿಲ್ಲ. ನಾನು ಸಿಟ್ಟಾಗಿ ಎದ್ದೆ. ಅವರು ದೂರದಿಂದಲೇ ಕೈ ಅಲ್ಲಾಡಿಸಿ ಕೂರಿಸಿದರು.

ಹೊರಡುವಾಗ ಟೀ ಕುಡಿಯಲು ಹೋದೆ. ಗಾಡಿಯವನು ಕೇಳಿದ: “ಹಾಡಿದ್ರಲ್ಲಾ ಆಯಮ್ಮ, ಆ ಸಾಬ್ರಿಗೆ ಸ್ವಂತ ಅಕ್ಕಾನಾ? ಒಂದ್ ತಾಯಿ ಮಕ್ಕಳು ಇಂಗೆ ಎರಡು ಜಾತಿ ಹೆಂಗಾದ್ರು?”

“ಯಾರು ಹೇಳಿದ್ರು?”

“ಆಯಪ್ಪನೇ! ಹಾಡೋವಾಗೆಲ್ಲ ‘ನಮ್ಮಕ್ಕ, ನಮ್ಮಕ್ಕ’ ಅಂತ ಒಂದೇ ಸಮ. ಟೀ ಆರೋಯ್ತು, ಕುಡೀಲಿಲ್ಲ.”

ಇದನ್ನು ಅತ್ತೆಗೆ ಹೇಳಿದೆ. “ಸುಳ್ಳು ಹೇಳಾಕೂ ಒಂದು ಲಾಯಕ್ ಬೇಕು ಕಣಮ್ಮ” ಎಂದು ಬಸ್ಸಿನ ಕಿಟಕಿಯ ಕಡೆ ತಿರುಗಿಕೊಂಡಳು. ಮಧುಗಿರಿ ಬರುವವರೆಗೂ ಈ ಕಡೆ ತಿರುಗಲಿಲ್ಲ.

ಆಮೇಲೆ ನಾಲ್ಕು ವರ್ಷ ಅತ್ತೆ ಆ ಜಾಗ ಬಿಡಲಿಲ್ಲ. ಮೂರು ತಿಂಗಳಿಗೊಮ್ಮೆ ಅವರು ಬಂದು ಹಳೇ ಸರಿ ಒರೆಸಿ, ಹೊಸದು ಹಚ್ಚಿ, ಸ್ಕ್ರೂಡ್ರೈವರಿನಲ್ಲಿ ಕೇಳಿ ಹೋಗುತ್ತಿದ್ದರು. ಅಂಟಿಸುವ ಜಾಗಕ್ಕೆ ಪೆನ್ಸಿಲಿನಲ್ಲಿ ಒಂದು ಗುರುತು ಹಾಕಿಬಿಡಿ, ಪ್ರತಿಸಲ ಹುಡುಕುವುದು ತಪ್ಪುತ್ತದೆ ಎಂದು ನಾನು ಹೇಳಿದ್ದೆ. ಅವರು ಒಪ್ಪಲಿಲ್ಲ. “ಮಳೆಗಾಲಕ್ಕೆ ಮರ ಉಬ್ಬತ್ತೆ, ಬೇಸಿಗೆಗೆ ಸೆಟೆಯತ್ತೆ. ಹೋದ ಸಲದ ಜಾಗ ಈ ಸಲ ಇರಲ್ಲ ಬೇಟಿ.” ಮೇಡಂ ಹೋಗಿ ಬೇಟಿ ಆದದ್ದು ಯಾವಾಗ ಎಂದು ಹುಡುಕಿದೆ. ಡೈರಿ ಸಹಾಯ ಮಾಡಲಿಲ್ಲ.

ಅವರು ತೀರಿಕೊಂಡ ಸುದ್ದಿ ಅವರ ಭಾವಮೈದುನ ಫೋನ್ ಮಾಡಿ ತಿಳಿಸಿದರು. ನಾನು, ಅತ್ತೆ ಶಿರಾಕ್ಕೆ ಹೋದೆವು. ಅತ್ತೆ ಅವರ ಮನೆಯಾಕೆಯ ಪಕ್ಕ ಚಾಪೆಯ ಮೇಲೆ ಕೂತು ಆಕೆಯ ಕೈ ಹಿಡಿದುಕೊಂಡಿದ್ದಳು. ಹೊರಡುವಾಗ ಆಕೆ ಒಂದು ಡಬ್ಬಿ ಹುಣಸೆಬೀಜದ ಪುಡಿಯನ್ನು ನನ್ನ ಕೈಗೆ ಕೊಟ್ಟರು. “ಅವರು ಇದ್ದಾಗ್ಲೇ ಮಾಡಿಟ್ಟಿದ್ದು. ನಿಮ್ಮ ತಂಬೂರಿದು ಬಾಕಿ ಐತೆ ಅಂತ ಹೇಳ್ತಾನೇ ಇದ್ರು.”

ತಿಂಗಳು ಕಳೆಯುವುದರೊಳಗೆ ಬಿಲ್ಲೆ ಬಿಟ್ಟುಕೊಂಡಿತು. ಈ ಸಲದ ಪೂರ್ಣಿಮೆಗೆ ಮತ್ತೆ ಪಾವಗಡದ ಕರೆ ಬಂದಿತ್ತು. ಬೇರೆ ಯಾರನ್ನಾದರೂ ಕರೆಸೋಣ ಎಂದ ಚಿಕ್ಕಪ್ಪ. ಅತ್ತೆ ಬೇಡವೆಂದಳು. ಹಾಗಾದರೆ ಯಾರು ಎಂದರೆ, ನನ್ನ ಕಡೆ ಗದ್ದ ತೋರಿಸಿದಳು. ನಾನು ಹೆದರಿದೆ. ಎಂ.ಎ. ಮಾಡಿದ ಕೈಗೆ ಅಂಟು ಕಲಸಿ ಅಭ್ಯಾಸವಿರಲಿಲ್ಲ. ಸರಿ ಎರಡು ಸಲ ಗಂಟುಗಂಟಾಯಿತು. ನೆಲಕ್ಕೆ ಗೋಣಿಚೀಲ ಹಾಸಿದೆ, ಕಾಗದ ಕತ್ತರಿಸಿದೆ. ಅತ್ತೆಯನ್ನು ಗುನುಗಲು ಹೇಳಿ, ನನ್ನ ಕಿವಿಯನ್ನೇ ತಂಬೂರಿಯ ಕುತ್ತಿಗೆಗೆ ಒತ್ತಿ, ಒಂದು ಗಂಟೆ ಹುಡುಕಿದೆ. ಎಲ್ಲ ಜಾಗವೂ ಸರಿಯೆನ್ನಿಸಿತು, ಎಲ್ಲವೂ ತಪ್ಪೆನ್ನಿಸಿತು. ಕೊನೆಗೆ ಒಂದು ಕಡೆ ಅಂಟಿಸಿದೆ. ಸ್ಪೀಕರು ಹಚ್ಚಿ, ಅತ್ತೆ ಒಂದು ಪದ ಹಾಡಿದಳು. ದನಿ ಬಂತು. ಚಿಕ್ಕಪ್ಪ ತಲೆದೂಗಿದ. ನನ್ನ ಕಿವಿಗೆ ಅದು ಒಂಚೂರು ತೆಳ್ಳಗೆ ಕೇಳಿತು. ಆದರೆ ನನ್ನ ಕಿವಿಯನ್ನು ನಾನು ಎಷ್ಟು ನಂಬುತ್ತೇನೆ ಎಂದು ಮೊದಲೇ ಬರೆದಿದ್ದೇನೆ.

“ಚೆನ್ನಾಗೈತೆ ಬುಡು. ಪಾವಗಡಕ್ಕೆ ಹೊಂಡು” ಎಂದಳು ಅತ್ತೆ.

ಹೋದೆವು, ಹಾಡಿದಳು, ಜನ ಚಪ್ಪಾಳೆ ತಟ್ಟಿದರು. ಕೊನೆಯ ಸಾಲಿನ ಆಚೆ ನಿಂತು ಕೇಳಲು ನನಗೆ ಧೈರ್ಯ ಬರಲಿಲ್ಲ. ವೇದಿಕೆಯ ಪಕ್ಕದಲ್ಲೇ ಕೂತಿದ್ದೆ. ಹಿಂದಿರುಗುವಾಗ ಬಸ್ಸಿನಲ್ಲಿ, ತಂಬೂರಿಯನ್ನು ಮಗುವಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ಕೂತಿದ್ದ ಅತ್ತೆಯನ್ನು ಕೇಳಿದೆ:

“ಅತ್ತೆ, ನಿಜ ಹೇಳು. ಅವರು ಅಂಟಿಸಿದಾಗ ಬರ್ತಿದ್ದ ದನೀನೇ ಬಂತಾ ಇವತ್ತು, ಇಲ್ಲ ನನ್ನ ಮನಸ್ಸು ನೋಯಬಾರ್ದು ಅಂತ ಸುಮ್ಮನಿದ್ದೀಯಾ?”

ಅತ್ತೆ ಸೆರಗಿನ ತುದಿಯಿಂದ ತಂತಿಗಳ ಮೇಲಿನ ಧೂಳು ಒರೆಸಿದಳು, ಒಂದೊಂದಾಗಿ. ನಾನು ಹಾಗೆ ಕೇಳಿ ಎರಡು ತಿಂಗಳಾಯಿತು, ಉತ್ತರ ಇನ್ನೂ ಬಂದಿಲ್ಲ.